ಗದ್ದೆಬಯಲಿಗೆ ಬೀಳುವ ಚರೆ

ಕಳೆದ ತಿಂಗಳು ಒಂದು ಸಂಜೆ ಮನೆಯ ಜಗಲಿಯಲ್ಲಿ ಕುಳಿತು ಕೋವಿಯ ಎರಡು ತೋಟಾಗಳನ್ನು, ಒಂದು ಸೀಸದ್ದು ಇನ್ನೊಂದು ಉಕ್ಕಿನದು, ಚಾಕುವಿನಿಂದ ಕೊಯ್ದು, ಮದ್ದನ್ನು ಬೇರೆಯಿಟ್ಟು, ಒಳಗಿನ ಚರೆಯನ್ನು, ಅಂದರೆ ಸಣ್ಣ ಗುಂಡುಗಳನ್ನು, ಎರಡು ತಟ್ಟೆಗಳಿಗೆ ಸುರಿದೆ. ಸೀಸದ ಚರೆ ಬೆರಳಿಗೆ ಮಸಿ ಹತ್ತಿಸಿತು. ಇಕ್ಕಳದಲ್ಲಿ ಒತ್ತಿದಾಗ ಅವಲಕ್ಕಿಯಂತೆ ಚಪ್ಪಟೆಯಾಯಿತು. ಉಕ್ಕಿನದು ಇಕ್ಕಳದಿಂದ ಜಾರಿ ಅಂಗಳಕ್ಕೆ ಹಾರಿತು, ಮಗಳು ಅಯಸ್ಕಾಂತ ಹಿಡಿದು ಹುಡುಕಿ ತಂದಳು.

ಸಕಲೇಶಪುರದ ಆಚೆ ನಾವು ಕೆಲವರು ಯಂತ್ರ ಗಾಳಿಗೆಸೆದ ಬಿಲ್ಲೆಗಳನ್ನು ಕೋವಿಯಿಂದ ಹೊಡೆಯುವ ಅಭ್ಯಾಸ ಮಾಡುವ ಮೈದಾನದ ಕೆಳಗೆ ಗದ್ದೆಬಯಲಿದೆ, ಅದರ ಅಂಚಿನಲ್ಲಿ ಹರಿಯುವ ಹಳ್ಳ ಮುಂದೆ ಹೇಮಾವತಿಯನ್ನು ಸೇರುತ್ತದೆ. ಸ್ಪರ್ಧೆಯ ತೋಟಾದಲ್ಲಿ 24 ಗ್ರಾಂ ಚರೆ ಇರುತ್ತದೆ. ಬಿಲ್ಲೆಗೊಂದೇ ಈಡು ಎಂದಿಟ್ಟುಕೊಂಡರೂ 25 ಬಿಲ್ಲೆಗಳ ಒಂದು ಸುತ್ತಿಗೆ 600 ಗ್ರಾಂ ಆಯಿತು. ಐದು ಜನ ನಾಲ್ಕು ನಾಲ್ಕು ಸುತ್ತು ಹೊಡೆದ ಒಂದು ಭಾನುವಾರಕ್ಕೆ 12 ಕಿಲೋ ಸೀಸ. ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ನೋಡಿದ ದಿನದಿಂದ ನನಗೆ ಸಮಾಧಾನವಿಲ್ಲ. ನಮ್ಮ ಮಲೆನಾಡಿನ ಮಣ್ಣು ಹುಳಿ ಮಣ್ಣು, ಅದಕ್ಕೆಂದೇ ನಾವು ಕಾಫಿ ತೋಟಕ್ಕೆ ಸುಣ್ಣ ಹಾಕುತ್ತೇವೆ. ಹುಳಿ ಮಣ್ಣಿನಲ್ಲಿ, ಅದೂ ಇಷ್ಟು ಮಳೆ ಸುರಿಯುವಲ್ಲಿ, ಸೀಸ ಬೇಗ ಕರಗಿ ಮಣ್ಣಿಗೂ ನೀರಿಗೂ ಇಳಿಯುತ್ತದೆ. ಕಾಳು ಅರೆಯಲು ಕಲ್ಲಿನ ಚೂರುಗಳನ್ನು ನುಂಗುವ ಹಕ್ಕಿಗಳು ಚರೆಯನ್ನೂ ಕಲ್ಲೆಂದೇ ನುಂಗಿ, ವಿಷವೇರಿ ಸಾಯುತ್ತವೆ. ಅಮೆರಿಕದಲ್ಲಿ ನೀರುಹಕ್ಕಿಗಳ ಬೇಟೆಗೆ ಸೀಸದ ಚರೆಯನ್ನು 1991ರಿಂದ ದೇಶದುದ್ದಕ್ಕೂ ನಿಷೇಧಿಸಿದ್ದು ಈ ಕಾರಣಕ್ಕೇ. ಐರೋಪ್ಯ ಒಕ್ಕೂಟದಲ್ಲಿ 2023ರಿಂದ ಜೌಗು ಪ್ರದೇಶಗಳಲ್ಲಿಯೂ ಅವುಗಳ ಸುತ್ತಲಿನ 100 ಮೀಟರ್ ಒಳಗೂ ಅದನ್ನು ಹಾರಿಸುವಂತಿಲ್ಲ. ನೀರು ನಿಂತ ಗದ್ದೆಬಯಲು ಜೌಗಲ್ಲದೆ ಮತ್ತೇನು?

ಸೀಸದ ಬದಲಿಗೆ ಉಕ್ಕಿನ ಚರೆ ಬಳಸಬಹುದು, ಆದರೆ ಉಕ್ಕಿನಿಂದ ಬಿಲ್ಲೆ ಒಡೆಯುವುದಿಲ್ಲ ಎಂಬ ಮಾತನ್ನು ನಾನೂ ಬಹಳ ವರ್ಷ ನಂಬಿದ್ದೆ. ಒಂದು ಘನ ಸೆಂಟಿಮೀಟರ್ ಸೀಸ 11 ಗ್ರಾಂಗಿಂತ ಹೆಚ್ಚು ತೂಗಿದರೆ ಅಷ್ಟೇ ಗಾತ್ರದ ಉಕ್ಕು 8 ಗ್ರಾಂ ಕೂಡ ತೂಗುವುದಿಲ್ಲ. ಆದ್ದರಿಂದ ಉಕ್ಕಿನ ಚರೆಯ ವೇಗ ದೂರ ಹೋದಂತೆ ಬೇಗ ಕುಗ್ಗುತ್ತದೆ. ಅದನ್ನು ಸರಿದೂಗಿಸಲು ತುಸು ದಪ್ಪನೆಯ ಚರೆ ಬಳಸುತ್ತಾರೆ. ಹಾಗೆ ಮಾಡಿದರೂ ಎಣಿಕೆಯಲ್ಲಿ ನಷ್ಟವಿಲ್ಲ: 24 ಗ್ರಾಂಗೆ 2.4 ಮಿಲಿಮೀಟರಿನ ಸೀಸದ ಚರೆ ಸುಮಾರು 300 ಬಂದರೆ, 2.5 ಮಿಲಿಮೀಟರಿನ ಉಕ್ಕಿನದು ಸುಮಾರು 375 ಬರುತ್ತದೆ. ನಳಿಗೆಯಲ್ಲಿ ಜಜ್ಜಿ ಆಕಾರ ಕೆಡದೆ ಉಳಿಯುವುದರಿಂದ ಉಕ್ಕಿನ ಚರೆ ಹೆಚ್ಚು ಚದುರದೆ ಒಟ್ಟಾಗಿಯೇ ಹೋಗುತ್ತದೆ. ರಾಷ್ಟ್ರಮಟ್ಟದ ಸ್ಪರ್ಧೆಗಳಿಗೆ ಹೋಗುವ ಗೆಳೆಯರೊಬ್ಬರು ಕೊಟ್ಟ ಉಕ್ಕಿನ ತೋಟಾಗಳಲ್ಲಿ ನಾನು 25ಕ್ಕೆ 18 ಒಡೆದೆ, ಅದೇ ದಿನ ಸೀಸದಲ್ಲಿ 19. ತಪ್ಪಿದವುಗಳಲ್ಲಿ ಹೆಚ್ಚಿನವು ತಡವಾಗಿ ಕೋವಿಯ ಕುದುರೆ (ಟ್ರಿಗರ್) ಎಳೆದು ದೂರ ಹೋಗಲು ಬಿಟ್ಟ ಬಿಲ್ಲೆಗಳು. ಅದು ನನ್ನ ಕೈಯ ದೋಷ.

ನಿಜವಾದ ತೊಡಕು ಇರುವುದು ಕೋವಿಯಲ್ಲಿ. ನನ್ನ ಹೊಸ ಕೋವಿಯ ಜೊತೆಗೆ ಮನೆಯಲ್ಲಿರುವ, ತಂದೆಯಿಂದ ಬಂದ ಹಳೆಯ ಜೋಡುನಳಿಗೆಯನ್ನು ರಿಪೇರಿಯವರಲ್ಲಿಗೆ ಒಯ್ದಾಗ ಆ ಹಿರಿಯರು ನಳಿಗೆಯ ಬಾಯಿಗೆ ಬೆಳಕು ಹಿಡಿದು ನೋಡಿ, “ಗೌಡ್ರೆ, ಇದರ ತುದಿ ಬಹಳ ಬಿಗಿ ಇದೆ, ದಯವಿಟ್ಟು ಇದಕ್ಕೆ ಉಕ್ಕು ಹಾಕ್ಬೇಡಿ” ಎಂದರು. ಸೀಸ ಕಿರಿದಾದ ಬಾಯಲ್ಲಿ ಹಿಸುಕಿಕೊಂಡು ಹೊರಬರುತ್ತದೆ, ಉಕ್ಕು ಬಗ್ಗುವುದಿಲ್ಲ. ಹಳೆಯ ತೆಳು ನಳಿಗೆ ಅಲ್ಲಿ ಉಬ್ಬಬಹುದು. ನಮ್ಮ ಕಡೆಯ ಮನೆಗಳಲ್ಲಿ ಬೆಳೆ ಕಾಯಲೆಂದು ಪರವಾನಗಿ ಪಡೆದ ಇಂಥ ಹಳೆಯ ಕೋವಿಗಳೇ ಹೆಚ್ಚು, ಆದ್ದರಿಂದ ಈ ಮಾತನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಬಂಡೆಗೆ ಬಡಿದ ಉಕ್ಕು ಹಿಂದಕ್ಕೆ ಚಿಮ್ಮುವುದೂ ಉಂಟು, ಕನ್ನಡಕವಿಲ್ಲದೆ ನಿಲ್ಲಲಾಗದು.

ಹೊಸ ಕೋವಿ ಇರುವ ನಾವು ಮೂವರು ಉಕ್ಕಿಗೆ ಬದಲಾಗುವುದೆಂದು ತೀರ್ಮಾನಿಸಿದ್ದೇವೆ. ಉಳಿದಿಬ್ಬರಿಗಾಗಿ ಬಿಲ್ಲೆ ಎಸೆಯುವ ಯಂತ್ರವನ್ನು ಗದ್ದೆಯ ಕಡೆಯಿಂದ ಮೇಲಿನ ಒಣಗುಡ್ಡದ ಕಡೆಗೆ ತಿರುಗಿಸಬೇಕೆಂದು ಜಾಗದ ಯಜಮಾನರನ್ನು ಕೇಳಿಕೊಂಡೆ. ಚರೆ 200 ಮೀಟರಿನವರೆಗೂ ಹೋಗಿ ಬೀಳುವುದರಿಂದ ಅವರು ಹಗ್ಗ ಹಿಡಿದು ಅಳೆಸಿ ನೋಡಿದರು, ಗುಡ್ಡದ ಕಡೆ ಅಷ್ಟು ಜಾಗವಿದೆ. ಮುಂಗಾರಿಗೆ ಮೊದಲೇ ಯಂತ್ರದ ಕಟ್ಟೆಯನ್ನು ಕಿತ್ತು ಕಟ್ಟಿಸುತ್ತಿದ್ದಾರೆ.