ರಕ್ತದಲ್ಲೇ ಬಂದದ್ದು

ಮಡಿಕೇರಿಯಲ್ಲಿ ಬೆಳಿಗ್ಗೆಯಿಂದ ಒಂದೇ ಮಳೆ. ಉರ್ಸುಲಾ ಲೆ ಗ್ವಿನ್ 1968ರಲ್ಲಿ ಬರೆದ ಅರ್ತ್‌ಸೀ ಕಾದಂಬರಿಯನ್ನು ಮತ್ತೆ ಓದುತ್ತಿದ್ದೇನೆ. ಅದರ ನಾಯಕ ಗೆಡ್‌ಗೆ ಮಾಯಾಶಕ್ತಿ ಹುಟ್ಟಿನಿಂದಲೇ ಇದೆ. ಚಿಕ್ಕ ಹುಡುಗನಾಗಿದ್ದಾಗಲೇ ಮಂತ್ರ ಹೇಳಿ ಆಡುಗಳನ್ನು ಕರೆದವನು. ಆದರೂ ರೋಕ್ ದ್ವೀಪದ ಮಾಂತ್ರಿಕರ ಶಾಲೆ ಸೇರಿದ ಮೇಲೆ ಒಂಟಿ ಗೋಪುರದಲ್ಲಿ ಕೂತು, ವಸ್ತುಗಳ ನಿಜವಾದ ಹೆಸರುಗಳನ್ನು ಪಟ್ಟಿಗಟ್ಟಲೆ ಬಾಯಿಪಾಠ ಮಾಡಬೇಕು. ನನಗೆ ಕಾಳಗಕ್ಕಿಂತ ಜಾಸ್ತಿ ಇಷ್ಟ ಆ ಭಾಗ.

ಆಯುಧಗಳನ್ನು ಪೂಜಿಸುವ ಕೊಡವರ ಕೈಲ್ ಪೊಳ್ದ್ ಹಬ್ಬದಲ್ಲಿ ಅಜ್ಜ ಮರದ ಮೇಲಿನ ತೆಂಗಿನಕಾಯಿಗೆ ಗುಂಡು ಹೊಡೆದರೆ ಎಲ್ಲರೂ 'ರಕ್ತದಲ್ಲೇ ಬಂದಿದೆ' ಅನ್ನುತ್ತಿದ್ದರು. ಆದರೆ ಹಬ್ಬಕ್ಕೆ ಮುಂಚೆ ವಾರಗಟ್ಟಲೆ, ಗದ್ದೆ ಬದಿಯಲ್ಲಿ ಖಾಲಿ ಕೋವಿ ಹಿಡಿದು, ಉಸಿರು ಬಿಗಿಹಿಡಿದು ಗುರಿ ಇಡುತ್ತಿದ್ದ ಅಜ್ಜನನ್ನು ನಾನೊಬ್ಬಳೇ ನೋಡಿದ್ದೆ ಅನ್ಸುತ್ತೆ. ಇವತ್ತು ಆ ಗೋಪುರದ ಪುಟಗಳಲ್ಲಿ ಅವರೇ ಕೂತಿದ್ದರು.