ಐಸ್‌ಲ್ಯಾಂಡಿನವರು ನಿಜವಾಗಲೂ ನಂಬುತ್ತಾರಾ?

ಐಸ್‌ಲ್ಯಾಂಡಿನಲ್ಲಿ ಎರಡು ವರ್ಷ ಇದ್ದು ಬಂದೆ ಅಂದರೆ ಎಲ್ಲರೂ ಮೊದಲು ಕೇಳುವುದು ಚಳಿಯ ಬಗ್ಗೆ. ಆಮೇಲೆ ಈ ಪ್ರಶ್ನೆ ಬಂದೇ ಬರುತ್ತದೆ: "ಅಲ್ಲಿ ದೆವ್ವಕ್ಕೆ ಹೆದರಿ ರಸ್ತೆಯನ್ನೇ ತಿರುಗಿಸುತ್ತಾರಂತೆ, ಹೌದಾ?"

ದೆವ್ವ ಅಲ್ಲ ಮಾರಾಯ್ರೇ. ದೆವ್ವ ಅಂದರೆ ಸತ್ತವರು. ಅಂಥವರ ಕತೆಗಳೂ ಅಲ್ಲಿ ಬೇಕಾದಷ್ಟಿವೆ, ಆದರೆ ಅದು ಬೇರೆ ಜಾತಿ. ರಸ್ತೆಯ ಗಲಾಟೆಯೆಲ್ಲ ಹುಲ್ಡುಫೋಲ್ಕ್‌ ಅನ್ನುವವರಿಗಾಗಿ. ಹಾಗಂದರೆ ಮರೆಯಲ್ಲಿರುವ ಜನ. ಇಂಗ್ಲಿಷ್ ಪತ್ರಿಕೆಗಳು ಇವರನ್ನು ಎಲ್ಫ್ ಅಂತ ಕರೆದು, ಚೂಪು ಕಿವಿಯ ಕುಳ್ಳನ ಚಿತ್ರ ಹಾಕಿ ಕೈತೊಳೆದುಕೊಳ್ಳುತ್ತವೆ. ಕತೆಗಳಲ್ಲಿ ನೋಡಿದರೆ ಇವರು ನಮ್ಮಷ್ಟೇ ಎತ್ತರ. ಬಂಡೆಯೊಳಗೆ, ಗುಡ್ಡದೊಳಗೆ ಮನೆ. ಹಸು ಸಾಕುತ್ತಾರೆ, ಕುರಿ ಮೇಯಿಸುತ್ತಾರೆ, ತಮ್ಮದೇ ಚರ್ಚಿಗೆ ಹೋಗುತ್ತಾರೆ. ಬಟ್ಟೆಬರೆ ಮಾತ್ರ ಮನುಷ್ಯರದ್ದಕ್ಕಿಂತ ಚೆಂದ. ಬಡ ರೈತರು ಮನಸ್ಸಿನಲ್ಲೇ ಕಟ್ಟಿಕೊಂಡ ಸ್ಥಿತಿವಂತ ನೆರೆಹೊರೆ ಅನ್ನಿ.

1862 ಮತ್ತು 1864ರಲ್ಲಿ ಯೋನ್ ಆರ್ನಾಸನ್ ಎಂಬುವರು ಈ ನಾಡಿನ ಜನಪದ ಕತೆಗಳನ್ನು ಎರಡು ಸಂಪುಟಗಳಲ್ಲಿ ಪ್ರಕಟಿಸಿದರು. ಅದರಲ್ಲಿ ಬೈಬಲ್ಲಿನ ಮೊದಲ ಹೆಂಗಸು ಈವ್‌ಳ ಕತೆಯೊಂದಿದೆ. ದೇವರು ಮನೆಗೆ ಬಂದಾಗ ಅವಳು ಸ್ನಾನವಾಗಿದ್ದ ಮಕ್ಕಳನ್ನಷ್ಟೇ ತೋರಿಸಿದಳು. ಉಳಿದವರ ಮೈ ಕೊಳೆ, ನಾಚಿಕೆಯಾಗಿ ಬಚ್ಚಿಟ್ಟಳು. ಬೇರೆ ಮಕ್ಕಳಿಲ್ಲವಾ ಅಂದರೆ ಇಲ್ಲ ಅಂದಳು. ನನ್ನಿಂದ ಮುಚ್ಚಿಟ್ಟದ್ದು ಮನುಷ್ಯರಿಗೂ ಕಾಣದಿರಲಿ ಅಂದ ದೇವರು. ಆ ಮಕ್ಕಳ ಸಂತಾನವೇ ಹುಲ್ಡುಫೋಲ್ಕ್. ಅಂದರೆ ಲೆಕ್ಕಕ್ಕೆ ದಾಯಾದಿಗಳು! ಅವರ ಹೆಂಗಸರಿಗೆ ಹೆರಿಗೆ ಕಷ್ಟವಾದರೆ ಮನುಷ್ಯರ ಹೆಂಗಸನ್ನೇ ಕರೆದೊಯ್ಯುವ ಕತೆಗಳೂ ಬಹಳ. ಅವಳ ಕೈ ಸೋಕಿದರೆ ಹೆರಿಗೆ ಸಲೀಸು. ಹೊರಡುವಾಗ ಒಳ್ಳೆಯ ಬಟ್ಟೆಯೋ ಇನ್ನೇನೋ ಉಡುಗೊರೆ ಸಿಗುತ್ತದೆ.

ಇನ್ನು ನಂಬಿಕೆ. 2006-07ರಲ್ಲಿ ಐಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಟೆರ್ರಿ ಗನ್ನೆಲ್ ಅವರ ತಂಡ ಸಮೀಕ್ಷೆ ಮಾಡಿತ್ತು. ಖಂಡಿತ ಇದ್ದಾರೆ ಅಂದವರು ಸುಮಾರು 8%. ಸಾಧ್ಯವೇ ಇಲ್ಲ ಅಂದವರು ಸುಮಾರು 13%. ಉಳಿದವರಲ್ಲಿ ಹೆಚ್ಚಿನವರು "ಇರಬಹುದು", "ಇರಲಿಕ್ಕಿಲ್ಲ" ಅನ್ನುವ ನಡುವೆ ಎಲ್ಲೋ ಇದ್ದರು. ಇದನ್ನೇ ಹಿಡಿದು "ಅರ್ಧಕ್ಕಿಂತ ಜಾಸ್ತಿ ಜನ ಎಲ್ಫ್ ನಂಬುತ್ತಾರೆ" ಅಂತ ಸುದ್ದಿ ಓಡಾಡುತ್ತದೆ. ನನಗೆ ಆ ಓದು ಸರಿ ಕಾಣುವುದಿಲ್ಲ. "ಇರಬಹುದು" ಅನ್ನುವುದು ನಂಬಿಕೆಯಲ್ಲ, ಸುಮ್ನೆ ಯಾಕೆ ಕೆಣಕಬೇಕು ಅನ್ನುವ ಧಾಟಿ.

ಸಿಗ್ಲುಫ್ಯೋರ್ದುರ್ ಎಂಬ ಉತ್ತರದ ಊರಿನಲ್ಲಿ ಆಗಿದ್ದು ನೋಡಿ. 2015ರ ಆಗಸ್ಟ್‌ನಲ್ಲಿ ಮಳೆಗೆ ಗುಡ್ಡ ಕುಸಿಯಿತು. ರಸ್ತೆ ಇಲಾಖೆಯವರು ಮಣ್ಣು ತೆಗೆಯುವಾಗ, ಎಲ್ಫ್ ಹೆಂಗಸಿನದು ಎನ್ನುವ ಬಂಡೆಯ ಮೇಲೇ ಸುರಿದರು. ಆಮೇಲೆ ರಸ್ತೆಗೆ ನೀರು ನುಗ್ಗಿತು, ಕೆಲಸದವರೊಬ್ಬರಿಗೆ ಪೆಟ್ಟಾಯಿತು, ಬುಲ್ಡೋಜರ್ ಕೆಟ್ಟಿತು. ವರದಿ ಮಾಡಲು ಬಂದ ಪತ್ರಕರ್ತರೂ ಕೆಸರಿಗೆ ಬಿದ್ದರು. ಮರುವರ್ಷ ಇಲಾಖೆಯವರೇ ಬಂದು ಬಂಡೆಯನ್ನು ಅಗೆದು ಹೊರತೆಗೆದು, ನೀರು ಹೊಡೆದು ತೊಳೆದು ಕೊಟ್ಟರು. ಇಲಾಖೆಗೆ ನಂಬಿಕೆ ಇತ್ತು ಅಂತಲ್ಲ. 2012ರ ಪರಂಪರೆ ಕಾಯ್ದೆಯ ಪ್ರಕಾರ, ಜನಪದ ನಂಬಿಕೆಗೆ ಸೇರಿದ ಹಳೆಯ ಜಾಗಗಳಿಗೂ ರಕ್ಷಣೆ ಇದೆ. ಬಂಡೆಯೊಳಗೆ ಯಾರಿದ್ದಾರೆ ಎಂದು ಕಾಯ್ದೆ ಕೇಳುವುದಿಲ್ಲ, ಹೊರಗಿನವರು ಹೇಳುವ ಕತೆ ಇದ್ದರೆ ಸಾಕು.

ಹಾಗಾದರೆ ರಸ್ತೆ ತಿರುಗುತ್ತದಾ? ರಾಜಧಾನಿ ರೇಕ್ಯಾವಿಕ್ ಪಕ್ಕದ ಕೋಪಾವೋಗುರ್‌ನಲ್ಲಿ ಆಲ್ಫ್‌ಹೋಲ್, ಅಂದರೆ ಎಲ್ಫ್ ದಿಬ್ಬ, ಎಂಬಲ್ಲಿ ರಸ್ತೆ ಕಿರಿದಾಗುತ್ತದೆ, ಅದು ನಿಜ. ಆದರೆ ಗಾಲ್ಗಾಹ್ರೌನ್ ಲಾವಾ ಬಯಲಿನಲ್ಲಿ ಹಾಗಾಗಲಿಲ್ಲ. 2013ರಲ್ಲಿ ರಸ್ತೆ ಮಾಡಲು ಬಂದ ಬುಲ್ಡೋಜರ್ ಎದುರು ಜನ ಕೂತರು, ಪೊಲೀಸರು ಎತ್ತಿಕೊಂಡು ಹೋದರು. ಅಲ್ಲಿ ಕೂತವರಿಗೆ ಎಲ್ಫ್‌ಗಳಿಗಿಂತ ಲಾವಾ ಬಯಲಿನದ್ದೇ ಚಿಂತೆ ಜಾಸ್ತಿ. ಪರದೇಶದ ಪತ್ರಿಕೆಗಳು ಮಾತ್ರ ಎಲ್ಫ್‌ಗಳನ್ನೇ ಶೀರ್ಷಿಕೆಗೆ ಏರಿಸಿದವು. ಕೊನೆಗೆ 2015ರಲ್ಲಿ, ಎಲ್ಫ್‌ಗಳ ಚರ್ಚು ಎನ್ನುವ ಸುಮಾರು 70 ಟನ್ನಿನ ಬಂಡೆಯನ್ನು ಕ್ರೇನ್ ಎತ್ತಿ ಪಕ್ಕಕ್ಕಿಟ್ಟಿತು. ರಸ್ತೆ ನೆಟ್ಟಗೇ ಹೋಯಿತು.