ತೋಟ ಗದ್ದೆಯ ಮೈಗೆ ಸರ್ವೈವರ್ ಆಟ ಎಷ್ಟು ಸುಲಭ?

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಹುಡುಗ ಹುಡುಗಿಯರು ದ್ವೀಪದಲ್ಲಿ ಅರೆಹೊಟ್ಟೆಯಲ್ಲಿ ಉಳಿದು ಸ್ಪರ್ಧಿಸುವ ಸರ್ವೈವರ್‌ನಂಥ ರಿಯಾಲಿಟಿ ಶೋ ಆಡಿಷನ್‌ಗೆ ಹೊರಟರೆ ಊರವರು ಹೇಳುವ ಮಾತು ಒಂದೇ: "ಗುಡ್ಡ ಹತ್ತಿ ಬೆಳೆದವರಿಗೆ ಅದೆಲ್ಲ ಯಾವ ಲೆಕ್ಕ?" ಈ ಮಾತಿನಲ್ಲಿ ಅರ್ಧ ನಿಜವಿದೆ. ಉಳಿದರ್ಧ ತಿಳಿಯದೆ ಹೋದವರು ಗಟ್ಟಿ ಮೈಯಿದ್ದೂ ಮೊದಲ ವಾರದಲ್ಲೇ ಕುಸಿಯುತ್ತಾರೆ.

ನಮ್ಮ ತೋಟ, ಗದ್ದೆ, ಬೆಟ್ಟದ ಕೆಲಸವೆಲ್ಲ ಚಲನೆಯ ಕೆಲಸ. ಹತ್ತುವುದು, ಹೊರುವುದು, ಬಗ್ಗುವುದು, ಕಡಿಯುವುದು. ಸಹನೆಯ ಸ್ಪರ್ಧೆಗಳು ಹೆಚ್ಚಾಗಿ ಕೇಳುವುದು ಅಲುಗಾಡದೆ ಇರುವುದನ್ನು. ಸ್ವೀಡನ್‌ನಲ್ಲಿ 1997ರಲ್ಲಿ ಶುರುವಾದ ಎಕ್ಸ್‌ಪೆಡಿಷನ್ ರಾಬಿನ್ಸನ್ ಕಾರ್ಯಕ್ರಮವೇ 2000ದಲ್ಲಿ ಅಮೆರಿಕದ ಸರ್ವೈವರ್ ಆಯಿತು. ಆ ಮೊದಲ ಸೀಸನ್ನಿನ ಕೊನೆಯ ಪರೀಕ್ಷೆಯಲ್ಲಿ ಓಟವೂ ಇರಲಿಲ್ಲ, ಜಿಗಿತವೂ ಇರಲಿಲ್ಲ. ಒಂದು ಕಂಬದ ಮೇಲೆ ಕೈ ಇಟ್ಟು ಗಂಟೆಗಟ್ಟಲೆ ನಿಲ್ಲಬೇಕಿತ್ತು, ಅಷ್ಟೆ. ಅರ್ಜುನ್ ಸರ್ಜಾ ನಡೆಸಿಕೊಟ್ಟು, ಜಂಜಿಬಾರ್‌ನಲ್ಲಿ ಚಿತ್ರೀಕರಣವಾದ 2021ರ ತಮಿಳು ಸರ್ವೈವರ್ ಕೂಡ ಇದೇ ವಂಶದ್ದು.

ಸ್ನಾಯುವನ್ನು ಬಿಗಿಹಿಡಿದಾಗ ಅದರೊಳಗಿನ ಸಣ್ಣ ರಕ್ತನಾಳಗಳು ಅದುಮಿಹೋಗುತ್ತವೆ. ಕೆಲಸ ಮಾಡುವಾಗ ಸ್ನಾಯು ಬಿಗಿದು ಸಡಿಲವಾಗುತ್ತಾ ಇರುವುದರಿಂದ ರಕ್ತ ಹರಿಯುತ್ತಲೇ ಇರುತ್ತದೆ. ಒಂದೇ ಭಂಗಿಯಲ್ಲಿ ಹಿಡಿದುಕೊಂಡರೆ ಆ ಬಿಡುವು ಇಲ್ಲ. ದಿನವಿಡೀ ಸೊಪ್ಪಿನ ಹೊರೆ ಹೊತ್ತವರ ತೋಳೂ ತಲೆಯ ಮೇಲೆ ಎತ್ತಿ ಹಿಡಿದರೆ ಹತ್ತು ನಿಮಿಷಕ್ಕೆ ನಡುಗುವುದು ಇದಕ್ಕೇ. ಅದು ಬಲದ ಕೊರತೆಯಲ್ಲ. ಆ ಬಗೆಯ ಅಭ್ಯಾಸ ಇಲ್ಲ, ಅಷ್ಟೆ.

ಅಡಿಕೆ ಮರ ಹತ್ತಿ ಗೊನೆ ಕೊಯ್ಯುವ ಕೊನೆಗೌಡರ ಕೆಲಸವನ್ನು ಸರಿಯಾಗಿ ಗಮನಿಸಿದರೆ ಇದು ಸ್ಪಷ್ಟವಾಗುತ್ತದೆ. ಐವತ್ತು ಅರವತ್ತು ಅಡಿಯ ಅಡಿಕೆ ಮರ ಹತ್ತುವವರ ತೂಕ ಕೈಯ ಮೇಲೆ ಇರುವುದಿಲ್ಲ. ತಳೆ (ಪಾದಕ್ಕೆ ಹಾಕುವ ಹಗ್ಗದ ಬಳೆ) ಹಾಕಿದ ಎರಡು ಪಾದಗಳು ಒಳಬದಿಯಿಂದ ಮರವನ್ನು ಒತ್ತುತ್ತವೆ, ಕೈ ಮೈಯನ್ನು ಮರಕ್ಕೆ ಹತ್ತಿರ ಇಡುತ್ತದೆ. ಮೇಲೆ ಮುಟ್ಟಿದ ಮೇಲೆ ಮಣೆಯ ಮೇಲೆ ಕೂತು ಎರಡೂ ಕೈ ಖಾಲಿ ಮಾಡಿಕೊಂಡು ಅಡಿಕೆ ಗೊನೆ ಇಳಿಸುತ್ತಾರೆ. ಸ್ಪರ್ಧೆಯ ಕಂಬಕ್ಕೆ ತಳೆಯೂ ಇಲ್ಲ, ಮಣೆಯೂ ಇಲ್ಲ. ಕೆಲವೊಮ್ಮೆ ಬೆರಳು ಊರುವಷ್ಟು ಸಣ್ಣ ಕಚ್ಚುಗಳಿರುತ್ತವೆ. ಅಲ್ಲಿ ಹೆಚ್ಚಿನವರು ಮಾಡುವ ತಪ್ಪೆಂದರೆ ಕಂಬವನ್ನು ತೋಳಿನಿಂದ ಅಪ್ಪಿ ಹಿಡಿಯುವುದು. ಮೊದಲು ಮುಂಗೈ ಉರಿಯುತ್ತದೆ, ಆಮೇಲೆ ಬೆವರಿ ಜಾರುತ್ತದೆ. ಕೊನೆಗೌಡರಿಂದ ಕಲಿಯಬೇಕಾದದ್ದು ಪಾದದ ಒತ್ತಡ: ಮಂಡಿ ಹೊರಕ್ಕೆ, ಅಂಗಾಲಿನ ಒಳಬದಿ ಕಂಬಕ್ಕೆ, ಸೊಂಟ ಕಂಬಕ್ಕೆ ಅಂಟಿದಂತೆ. ಸೊಂಟ ಒಂದು ಗೇಣು ದೂರವಾದರೂ ಅಷ್ಟು ಭಾರ ಕೈಗೆ ಬೀಳುತ್ತದೆ. ಈ ಅಭ್ಯಾಸವನ್ನು ನೆಲದಿಂದ ಎರಡಡಿ ಮೇಲೆ ಮಾಡಿದರೆ ಸಾಕು. ತಳೆ ಹಾಕಲು ಗೊತ್ತಿಲ್ಲದವರು ಎತ್ತರದ ಮರಕ್ಕೆ ಕೈ ಹಚ್ಚಲೇಬಾರದು, ಅದರಲ್ಲೂ ಮಳೆಗಾಲದಲ್ಲಿ ಪಾಚಿ ಕಟ್ಟಿದ ಮರಕ್ಕೆ.

ಜೋತಾಡುವುದನ್ನು ಬೇರೆಯಾಗಿಯೇ ಕಲಿಯಬೇಕು. ದಪ್ಪ ಹಗ್ಗ ಅಥವಾ ಕಬ್ಬಿಣದ ಸರಳಿಗೆ 20 ಸೆಕೆಂಡ್ ಜೋತು, 40 ಸೆಕೆಂಡ್ ಬಿಡುವು, ಹೀಗೆ ಆರು ಸಲ, ವಾರಕ್ಕೆ ಮೂರು ದಿನ. ವಾರಕ್ಕೊಮ್ಮೆ ಐದು ಸೆಕೆಂಡ್ ಏರಿಸಿ. ದಿನಾ ಮಾಡಿದರೆ ಮೊಣಕೈಯ ಸ್ನಾಯುರಜ್ಜುಗಳು ನೋಯಲು ಶುರುವಾಗುತ್ತವೆ. ಆ ನೋವು ಒಮ್ಮೆ ಹಿಡಿದರೆ ಎರಡು ಮೂರು ತಿಂಗಳು ಬಿಡುವುದಿಲ್ಲ. ತೋಳು ಎತ್ತಿ ಹಿಡಿಯುವ ಆಟಕ್ಕೆ ತೋಳನ್ನು ಕಿವಿಗೆ ತಾಗುವಷ್ಟು ನೇರ ಇಟ್ಟು ಅಭ್ಯಾಸ ಮಾಡಿ. ಮೊಣಕೈ ನೇರವಿದ್ದರೆ ಭಾರ ಮೂಳೆಯ ಮೇಲೆ ಕೂರುತ್ತದೆ, ಬಾಗಿದರೆ ಸ್ನಾಯುವಿನ ಮೇಲೆ. ಹತ್ತು ನಿಮಿಷದಿಂದ ಶುರುಮಾಡಿ ವಾರಕ್ಕೆ ಐದೈದು ನಿಮಿಷ ಹೆಚ್ಚಿಸಿ. ಆಟಕ್ಕೆ ಎಂಟು ವಾರ ಇರುವಾಗಲೇ ಈ ಅಭ್ಯಾಸ ಹಿಡಿದರೆ ಫಲ ಕಾಣುತ್ತದೆ. ಕೊನೆಯ ಹದಿನೈದು ದಿನದಲ್ಲಿ ಗಡಿಬಿಡಿ ಮಾಡಿದರೆ ಗಾಯವಷ್ಟೇ ಗಿಟ್ಟುವುದು.

ಇನ್ನು ಸಂಕ. ಮಳೆಗಾಲದಲ್ಲಿ ಹಳ್ಳದ ಮೇಲಿನ ಅಡಿಕೆ ಮರದ ಸಂಕ ದಾಟಿ ಶಾಲೆಗೆ ಹೋದವರ ಪಾದಕ್ಕೆ ಒಂದು ಜ್ಞಾನ ಇರುತ್ತದೆ: ಬೆರಳನ್ನು ತುಸು ಹೊರಕ್ಕೆ ತಿರುಗಿಸಿ ಊರುವುದು, ಕಣ್ಣನ್ನು ನೀರಿನ ಮೇಲೆ ಬಿಡದೆ ಆಚೆ ದಡದ ಒಂದು ಗುರುತಿನ ಮೇಲೆ ನೆಡುವುದು. ಸ್ಪರ್ಧೆಯ ಕಿರಿದಾದ ಹಲಗೆಯ ಮೇಲೆ ಇದು ನೇರವಾಗಿ ಉಪಯೋಗಕ್ಕೆ ಬರುತ್ತದೆ. ಆದರೆ ಸಂಕದ ಮೇಲೆ ನಡೆಯುವುದಕ್ಕಿಂತ ನಿಲ್ಲುವುದು ಕಷ್ಟ. ಮನೆ ಅಂಗಳದಲ್ಲೇ ಒಂದು ಅಡಿಕೆ ಮರದ ತುಂಡನ್ನು ಉರುಳದಂತೆ ಮಣ್ಣಿನಲ್ಲಿ ಅರ್ಧ ಹೂತು, ಅದರ ಮೇಲೆ ಬರಿಗಾಲಲ್ಲಿ ನಿಂತು ಅಭ್ಯಾಸ ಮಾಡಿ. ಮಂಡಿಯನ್ನು ಪೂರ್ತಿ ಸೆಟೆಸಬೇಡಿ. ಸೆಟೆದು ನಿಂತರೆ ರಕ್ತ ಕಾಲಿನಲ್ಲೇ ಉಳಿದು ತಲೆ ತಿರುಗುತ್ತದೆ, ಬಿಸಿಲಿನಲ್ಲಿ ಇದು ಇನ್ನೂ ಬೇಗ. ಅರ್ಧ ನಿಮಿಷಕ್ಕೊಮ್ಮೆ ಭಾರವನ್ನು ಹಿಮ್ಮಡಿಯಿಂದ ಬೆರಳಿಗೆ ಸಾಗಿಸಿ, ಮೀನಖಂಡ ಬಿಗಿದು ಬಿಡಿ. ಹೊರಗಿನವರಿಗೆ ಕಾಣದಷ್ಟು ಸಣ್ಣ ಚಲನೆ ಸಾಕು, ರಕ್ತ ಮೇಲೆ ಬರುತ್ತದೆ.

ಬೆಂಕಿಯ ವಿಷಯಕ್ಕೆ ಹೆಚ್ಚು ಜಾಗ ಕೊಡಬೇಕು, ಏಕೆಂದರೆ ನಮ್ಮವರು ಇಲ್ಲಿ ಗೆಲ್ಲಬಲ್ಲರು, ಆದರೂ ಸೋಲುತ್ತಾರೆ. ಅಮೆರಿಕದ ಸರ್ವೈವರ್‌ನಲ್ಲಿ 2017ರಿಂದ ಕೊನೆಯ ನಾಲ್ವರಲ್ಲಿ ಇಬ್ಬರು ಬೆಂಕಿ ಹಚ್ಚಿ, ಮೇಲೆ ಕಟ್ಟಿದ ಹಗ್ಗ ಸುಡಬೇಕು. ಆಷಾಢದಲ್ಲಿ ಹಸಿ ಸೌದೆಯಿಂದ ಬಚ್ಚಲೊಲೆ ಉರಿಸಿದವರಿಗೆ ಇದು ಸುಲಭವಾಗಬೇಕಿತ್ತು. ಆಗುವುದಿಲ್ಲ, ಏಕೆಂದರೆ ನಮ್ಮ ಒಲೆಗಳು ಬೆಂಕಿಪೊಟ್ಟಣದಿಂದ ಶುರುವಾಗುತ್ತವೆ, ಹತ್ತದಿದ್ದರೆ ಸೀಮೆಎಣ್ಣೆಯೋ ಪ್ಲಾಸ್ಟಿಕ್ ಚೂರೋ ಬೀಳುತ್ತದೆ. ಸ್ಪರ್ಧೆಯಲ್ಲಿ ಸಿಗುವುದು ಕೆರೆದರೆ ಕಿಡಿ ಕೊಡುವ ಒಂದು ಲೋಹದ ಕಡ್ಡಿ (ಫೆರೋ ರಾಡ್) ಮತ್ತು ಕತ್ತಿ.

ಹೊಸ ಕಡ್ಡಿಯ ಮೇಲಿನ ಕಪ್ಪು ಲೇಪವನ್ನು ಮೊದಲು ಕೆರೆದು ತೆಗೆಯಬೇಕು, ಇಲ್ಲದಿದ್ದರೆ ಕಿಡಿ ಬರುವುದಿಲ್ಲ. ತೆಂಗಿನ ನಾರನ್ನು ಬೆರಳಲ್ಲಿ ಉಜ್ಜಿ ಉಜ್ಜಿ ಹತ್ತಿಯಷ್ಟು ನಯ ಮಾಡಿ ಮುಷ್ಟಿಗಾತ್ರದ ಗೂಡು ಮಾಡಿ. ಕಡ್ಡಿಯ ತುದಿ ಗೂಡಿನ ಒಳಗೇ ಊರಿರಲಿ. ಕತ್ತಿಯನ್ನು ಮುಂದಕ್ಕೆ ತಳ್ಳಿದರೆ ಗೂಡು ಚೆದುರುತ್ತದೆ. ಕತ್ತಿಯನ್ನು ಅಲುಗಾಡದಂತೆ ಹಿಡಿದು ಕಡ್ಡಿಯನ್ನೇ ಹಿಂದಕ್ಕೆ ಎಳೆಯಿರಿ. ಹತ್ತಿದ ಕೂಡಲೇ ದಪ್ಪ ಕಟ್ಟಿಗೆ ಹೇರುವುದು ಎಲ್ಲರೂ ಮಾಡುವ ತಪ್ಪು, ಗಾಳಿ ಕಟ್ಟಿ ಬೆಂಕಿ ಸಾಯುತ್ತದೆ. ಮೊದಲು ಬೆಂಕಿಕಡ್ಡಿ ದಪ್ಪದ್ದು, ಆಮೇಲೆ ಪೆನ್ಸಿಲ್ ದಪ್ಪದ್ದು, ಕೊನೆಗೆ ಹೆಬ್ಬೆರಳು ದಪ್ಪದ್ದು. ಮಳೆಯಲ್ಲಿ ನೆನೆದ ಕಟ್ಟಿಗೆಯೂ ಒಳಗೆ ಒಣಗಿರುತ್ತದೆ. ಸೀಳಿ, ಒಳತಿರುಳನ್ನು ಕತ್ತಿಯಿಂದ ತೆಳ್ಳಗೆ ಹೆರೆದುಕೊಳ್ಳಿ. ಹಗ್ಗ ಸುಡಲು ಎತ್ತರದ ಜ್ವಾಲೆ ಬೇಕು, ಕೆಂಡವಲ್ಲ. ಅಡಿಕೆ ಸಿಪ್ಪೆ ನಿಧಾನವಾಗಿ ಉರಿಯುತ್ತದೆ, ರಾತ್ರಿಯಿಡೀ ಕೆಂಡ ಉಳಿಸಲು ಒಳ್ಳೆಯದು, ಜ್ವಾಲೆಗೆ ಆಗದು. ಒಣ ಸೋಗೆ ಭಗ್ಗನೆ ಏಳುತ್ತದೆ, ಆದರೆ ನಿಮಿಷದಲ್ಲಿ ಮುಗಿಯುತ್ತದೆ. ಆದ್ದರಿಂದ ಕಡ್ಡಿಗಳನ್ನು ಚೌಕಕ್ಕೆ ಅಟ್ಟಣೆ ಕಟ್ಟಿ ಎತ್ತರಿಸಿ, ನಾರು ಸೋಗೆಗಳನ್ನು ಮೇಲಿನಿಂದ ಸ್ವಲ್ಪ ಸ್ವಲ್ಪವೇ ಕೊಡುತ್ತಾ ಹೋಗಬೇಕು. ವಾರಕ್ಕೆ ಎರಡು ಸಲ ಮಳೆಯಲ್ಲೇ ಇದನ್ನು ಮಾಡಿ ನೋಡಿ. ಒಣ ಹವೆಯಲ್ಲಿ ಹಚ್ಚುವುದು ಅಭ್ಯಾಸವೆನಿಸುವುದಿಲ್ಲ.

ಹಸಿವಿಗಿಂತ ಮೊದಲು ಕಾಡುವುದು ಕಾಫಿ. ಬೆಳಗ್ಗೆ ಎದ್ದ ಕೂಡಲೇ ಕಾಫಿ, ಊಟವಾದ ಮೇಲೆ ಎಲೆಅಡಿಕೆ ಎಂದು ಬೆಳೆದ ಮೈಗೆ ಕಾಫಿ ತಪ್ಪಿದ 12ರಿಂದ 24 ಗಂಟೆಯೊಳಗೆ ತಲೆನೋವು ಶುರುವಾಗುತ್ತದೆ, ಎರಡನೆಯ ದಿನ ಹೆಚ್ಚಾಗುತ್ತದೆ, ಒಂದು ವಾರದವರೆಗೂ ಎಳೆಯಬಹುದು. ತಂಡದವರು ನಿಮ್ಮನ್ನು ಅಳೆಯುವ ದಿನಗಳೂ ಅವೇ. ಸಿಡುಕು ಮುಖ ಹೊತ್ತು ಕೂತವರನ್ನು ಮೊದಲು ಹೊರಹಾಕುತ್ತಾರೆ. ಹೊರಡುವ ಮೂರು ವಾರ ಮೊದಲೇ ನಾಲ್ಕು ದಿನಕ್ಕೊಮ್ಮೆ ಕಾಲು ಭಾಗ ಇಳಿಸುತ್ತಾ ಕಾಫಿ ಬಿಡಿ. ಹೊಗೆಸೊಪ್ಪು ಇದ್ದರೆ ಇನ್ನೂ ಮೊದಲೇ.

ಸೊಪ್ಪು ಗೆಡ್ಡೆ ಗುರುತಿಸುವ ಮಲೆನಾಡಿನ ತಿಳಿವಳಿಕೆಯನ್ನು ಬೇರೆ ದ್ವೀಪಕ್ಕೆ ಹೊತ್ತೊಯ್ಯುವಾಗ ಎಚ್ಚರ ಬೇಕು. ಕಳಲೆಯನ್ನು (ಎಳೆ ಬಿದಿರು) ನಾವು ಹೆಚ್ಚಿ, ದಿನಾ ನೀರು ಬದಲಿಸಿ ಎರಡು ಮೂರು ದಿನ ನೆನೆಹಾಕುವುದು ಅದರೊಳಗಿನ ಸಯನೈಡ್ ಅಂಶ ಹೋಗಲೆಂದು. ಕೆಸುವಿಗೆ ಹುಳಿ ಹಾಕಿ ಚೆನ್ನಾಗಿ ಬೇಯಿಸುವುದು ಗಂಟಲು ತುರಿಸದಿರಲೆಂದು. ಸ್ಪರ್ಧೆಯಲ್ಲಿ ಅಷ್ಟು ಪಾತ್ರೆಯೂ ಇಲ್ಲ, ಹುಳಿಯೂ ಇಲ್ಲ. ಕೆಸುವಿನಂತೆ ಕಾಣುವ ಗಿಡಗಳೆಲ್ಲ ಕೆಸುವಲ್ಲ. ನೂರಕ್ಕೆ ನೂರು ಗುರುತು ಸಿಗದ ಎಲೆಯನ್ನು ಮುಟ್ಟದಿರುವುದೇ ಸರಿ. ಏಡಿ ಹಿಡಿಯುವ, ಮೀನಿಗೆ ಕೂಣಿ ಒಡ್ಡುವ ಕೈಚಳಕ ಇದ್ದರೆ ಅದು ನಿಜವಾದ ಆಸ್ತಿ.

ಕಾಲಿನ ವಿಷಯದಲ್ಲಿ ನಾಟಿ ಗದ್ದೆಯವರಿಗೆ ಹೇಳಬೇಕಾದದ್ದು ಕಡಿಮೆ. ಕೆಸರುಹುಣ್ಣು ಗೊತ್ತಿದ್ದವರು ರಾತ್ರಿ ಬೆರಳ ಸಂದಿ ಒಣಗಿಸಿಕೊಂಡೇ ಮಲಗುತ್ತಾರೆ. ಬಟ್ಟೆಯಲ್ಲಿ ಮಾತ್ರ ಹತ್ತಿ ಬೇಡ. ಕಂಬಳಿ ನೆನೆದರೂ ಬೆಚ್ಚಗಿಡುತ್ತದೆ, ಹತ್ತಿ ನೆನೆದರೆ ಮೈಯ ಶಾಖವನ್ನೇ ಹೀರುತ್ತದೆ. ಬೆಚ್ಚಗಿನ ದ್ವೀಪದಲ್ಲೂ ಒದ್ದೆ ಬಟ್ಟೆಗೆ ಗಾಳಿ ಹೊಡೆದರೆ ರಾತ್ರಿಯಿಡೀ ನಡುಕ ಬರುತ್ತದೆ. ಆ ನಡುಕ ಸುಡುವುದು ಅರೆಹೊಟ್ಟೆಯ ಮೈಯಲ್ಲಿ ಉಳಿದ ಶಕ್ತಿಯನ್ನೇ.

ಈಜು ತುಂಗೆಯಲ್ಲಿ ಕಲಿತಿದ್ದರೂ ಅಲೆ ಬೇರೆ. ಉಸಿರು ಬಿಗಿಹಿಡಿಯುವ ಅಭ್ಯಾಸವನ್ನು ಒಬ್ಬರೇ ನೀರಿನಲ್ಲಿ ಎಂದೂ ಮಾಡಬೇಡಿ, ಮುನ್ಸೂಚನೆಯೇ ಇಲ್ಲದೆ ಪ್ರಜ್ಞೆ ತಪ್ಪುತ್ತದೆ. ಶರಾವತಿ ಹಿನ್ನೀರಿನಲ್ಲಿ ಮುಳುಗಿದ ಮರದ ಬೊಡ್ಡೆಗಳಿವೆ, ತಲೆಕೆಳಗಾಗಿ ಧುಮುಕುವ ಜಾಗ ಅದಲ್ಲ.

ಬೆಂಗಳೂರಿನಿಂದ ತರಬೇತಿಗೆಂದೇ ಕೊಡಚಾದ್ರಿ, ಆಗುಂಬೆ ಕಡೆಗೆ ಬರುವವರಿಗೆ ಒಂದು ಮಾತು. ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ 1957ರಲ್ಲಿ ಪತ್ತೆಯಾದದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಡಿಸೆಂಬರ್‌ನಿಂದ ಮೇ ತನಕ ಉಣುಗುಗಳ ಕಾಲ. ಆಗ ದರಗಿನ (ಉದುರಿದ ಒಣ ಎಲೆ) ಮೇಲೆ ಮಲಗುವುದು, ಕೂರುವುದು ಬೇಡ. ಮೈತುಂಬ ಬಟ್ಟೆ ಹಾಕಿ, ಆರೋಗ್ಯ ಕೇಂದ್ರಗಳಲ್ಲಿ ಕೊಡುವ ಡೀಪಾ ತೈಲ ಹಚ್ಚಿಕೊಳ್ಳಿ. ಸಂಜೆ ಬಿಸಿನೀರಿನಲ್ಲಿ ಮಿಂದು ಮೈ ಪರೀಕ್ಷಿಸಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಮಳೆಗಾಲದಲ್ಲಿ ಬಂದರೆ ಉಂಬಳ (ಜಿಗಣೆ) ಕಚ್ಚುತ್ತದೆ, ಅದರಿಂದ ರಕ್ತ ಹೋಗುವುದಷ್ಟೆ, ರೋಗದ ಭಯ ಕಡಿಮೆ. ಸುಣ್ಣವೋ ಉಪ್ಪೋ ಸಾಕು.

ಆಟ ಮುಗಿದ ಮೇಲಿನ ಮೊದಲ ವಾರವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಮೆರಿಕದ ಸರ್ವೈವರ್ 39 ದಿನದ್ದಿತ್ತು, 2021ರಿಂದ 26 ದಿನಕ್ಕೆ ಇಳಿದಿದೆ. ಅಷ್ಟು ದಿನ ಅರೆಹೊಟ್ಟೆಯಲ್ಲಿ ಇದ್ದು ಬಂದವರಿಗೆ ಮನೆಯಲ್ಲಿ ಕಡುಬು, ಹೋಳಿಗೆ, ಕೋಳಿಸಾರು ಕಾದಿರುತ್ತದೆ. ಒಮ್ಮೆಲೇ ಉಂಡರೆ ರಕ್ತದ ಪೊಟ್ಯಾಸಿಯಂ, ಫಾಸ್ಫೇಟ್ ಮಟ್ಟ ಕುಸಿದು ಹೃದಯಕ್ಕೇ ತೊಂದರೆಯಾಗಬಹುದು. ಮೊದಲೆರಡು ದಿನ ಉಪ್ಪು ಹಾಕಿದ ಕುಚ್ಚಲಕ್ಕಿ ಗಂಜಿ, ಮಜ್ಜಿಗೆ, ಬಾಳೆಹಣ್ಣು, ಇವನ್ನೇ ದಿನಕ್ಕೆ ಆರೇಳು ಸಲ ಸ್ವಲ್ಪ ಸ್ವಲ್ಪ ಕೊಡಿ. ಮೂರನೆಯ ದಿನದಿಂದ ಬೇಳೆ, ಮೊಟ್ಟೆ. ಎಣ್ಣೆ, ಬೆಲ್ಲದ ತಿಂಡಿ ಒಂದು ವಾರ ಕಳೆದ ಮೇಲೆ. ತೂಕ ತೀರಾ ಇಳಿದವರು ಊರಿಗೆ ಹೊರಡುವ ಮೊದಲೇ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು. ಕಾಲು ಊದಿದರೆ, ಎದೆ ಡವಗುಟ್ಟಿದರೆ ಅದೇ ದಿನ ವೈದ್ಯರನ್ನು ಕಾಣಬೇಕು.